ಪೈಲಟ್ ಸಾಹೇಬರ ಹೆಂಡತಿಯ ಭಯ

ಮಾರ್ಚ್ ೬

ಅಮ್ಮಾ,

ಮಲಗಿಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲಿನಂತೆ ಕಂಡರೆ ಬೈಯಬೇಡ. ನಿನ್ನೆ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿಬಿಟ್ಟರು, ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳಕೂಡದಂತೆ. ಬಚ್ಚಲಿಗೆ ಹೋಗಿಬರಬಹುದು, ಅಷ್ಟೇ ನನ್ನ ಪಾಲಿನ ಪ್ರಪಂಚ. ಹೋದ ಸಲದ ಹಾಗೆ ಆಗಬಾರದೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ದಿನ ತುಂಬುವುದು ಜೂನ್ ಕೊನೆಗೆ.

ನಾಲ್ಕನೇ ಮಹಡಿಯ ಈ ಕೋಣೆಯ ಕಿಟಕಿಯಿಂದ ಕಾಣುವುದು ಎದುರು ಕಟ್ಟಡದ ನೀರಿನ ಟ್ಯಾಂಕು ಮತ್ತು ಅದರ ಮೇಲೆ ಕೂರುವ ಪಾರಿವಾಳಗಳು. ನಿನ್ನ ಅಳಿಯ ಬೆಳಗ್ಗೆ ಲಿಫ್ಟ್ ರಿಪೇರಿಗೆ ಹೊರಟರೆ ಬರುವುದು ಸಂಜೆಗೆ. ಊರಿನ ಲಿಫ್ಟುಗಳೆಲ್ಲ ಮಾತಾಡಿಕೊಂಡೇ ಕೆಡುತ್ತವೆಯೋ ಏನೋ. ಪಕ್ಕದ ಮನೆಯಾಕೆ ಮಧ್ಯಾಹ್ನ ಸೂಪು ತಂದುಕೊಟ್ಟು, ತನ್ನ ಐದು ಹೆರಿಗೆಗಳ ಕಥೆ ಹೇಳಿ ನನ್ನ ಜೀವ ಹಿಂಡಿ ಹೋಗುತ್ತಾಳೆ. ಹಲ್ಲಿನ ಸೆಟ್ಟು ಮಾಡುವ ನಮ್ಮ ಲ್ಯಾಬಿನವರು ಮಲಗಿದಲ್ಲೇ ಮಾಡುವಂಥ ಕೆಲಸ ಕಳಿಸುತ್ತಾರೆ. ಯಾರದೋ ಹಲ್ಲನ್ನು ಹೊಟ್ಟೆಯ ಮೇಲಿಟ್ಟುಕೊಂಡು ಉಜ್ಜುತ್ತಾ ಮಲಗಿರುವ ನಿನ್ನ ಮಗಳನ್ನು ನೋಡಿದರೆ ನಿನಗೆ ನಗು ಬರುತ್ತದೆ.

ನನಗೆ ನೀನು ಬೇಕು ಅಮ್ಮಾ. ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ನಮ್ಮ ದ್ವೀಪದ ಪ್ರಯಾಣಿಕರ ಹಡಗು ನಿಂತುಹೋಯಿತೆಂದು ಅಪ್ಪ ಫೋನಿನಲ್ಲಿ ಹೇಳಿದರು. ಹಳೆಯದನ್ನು ಗುಜರಿಗೆ ಹಾಕಿದರಂತೆ, ಹೊಸದು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲವಂತೆ. ಅಂದರೆ ದ್ವೀಪದಿಂದ ಹೊರಬರಲು ಈಗ ಉಳಿದಿರುವುದು ವಾರಕ್ಕೆರಡು ಸಲ ಬರುವ ಆ ಪುಟ್ಟ ವಿಮಾನ ಒಂದೇ. ನಿನಗೆ ವಿಮಾನವೆಂದರೆ ಎಷ್ಟು ಭಯವೆಂದು ನನಗೆ ಗೊತ್ತು. ಪೈಲಟ್ ಸಾಹೇಬರ ಹೆಂಡತಿಗೆ ವಿಮಾನದ ಭಯ ಎಂದು ಶಾಲೆಯಲ್ಲಿ ನನ್ನನ್ನು ರೇಗಿಸುತ್ತಿದ್ದರಲ್ಲ. ನಮ್ಮಪ್ಪ ವಿಮಾನದ ಪೈಲಟ್ ಅಲ್ಲ, ಬಂದರಿನ ಪೈಲಟ್, ಹೊರಗಿನಿಂದ ಬಂದ ದೊಡ್ಡ ಹಡಗನ್ನು ಹತ್ತಿ ಅದನ್ನು ಬಂಡೆಗಳ ನಡುವೆ ಒಳಗೆ ಕರೆತರುವವರು ಎಂದು ಬಿಡಿಸಿ ಹೇಳಿ ಹೇಳಿ ನನ್ನ ಬಾಯಿ ಬತ್ತಿಹೋಗುತ್ತಿತ್ತು.

ನಿನ್ನ ಭಯ ಬಿಡಿಸುವ ಕೆಲಸ ನನ್ನದು. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರನ್ನು ಬಾಗಿಲಾಚೆಯಿಂದ ಮಾತಿನಲ್ಲೇ ಸಮಾಧಾನ ಮಾಡಿ ಪಳಗಿದವರು ನಿನ್ನ ಅಳಿಯ. ಅವರನ್ನು ಕೇಳಿಕೊಂಡು ಒಂದೊಂದೇ ಪಾಠ ಬರೆದು ಕಳಿಸುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ರಿಸೀವರ್ ನಿನ್ನ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತಿರುತ್ತಾರೆ. ನೀನು ಹೂಂ ಅನ್ನುವುದರೊಳಗೆ ‘ಆಗಲ್ಲ ಆಗಲ್ಲ, ಅವಳ ಕೈಲಾಗಲ್ಲ’ ಎಂದು ಅವರ ದನಿಯೇ ಕೇಳಿಸುತ್ತದೆ. ಅದಕ್ಕೇ ಕಾಗದ.

ಹಾಸಿಗೆಗೆ ಅಂಟಿಕೊಂಡಿರುವ
ನಿನ್ನ ಗುಬ್ಬಿ


ಮಾರ್ಚ್ ೧೯

ಗುಬ್ಬೀ,

ನಿನ್ನ ಕಾಗದ ಯಾವ ಭಯವೂ ಇಲ್ಲದೆ ಅದೇ ವಿಮಾನದಲ್ಲಿ ಕೂತು ಬಂತು. ಓದಿದ ಮೇಲೆ ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ಅತ್ತು ಬಂದೆ. ಒಳಗೆ ಅತ್ತರೆ ನಿಮ್ಮಪ್ಪ ಈರುಳ್ಳಿ ಖಾರವಾ ಎಂದು ಕೇಳುತ್ತಾರೆ. ಎಡ ಮಗ್ಗುಲಿಗೆ ಮಲಗು. ಪಕ್ಕದ ಮನೆಯಾಕೆಯ ಹೆರಿಗೆಯ ಕಥೆಗಳಿಗೆ ಕಿವಿ ಕೊಡಬೇಡ, ಸೂಪು ಮಾತ್ರ ಕುಡಿ.

ಇಲ್ಲಿ ಬಂದರು ಬಣಗುಡುತ್ತಿದೆ. ಮೀನಿನ ದೋಣಿ ಬಿಟ್ಟರೆ ನೀರಿನ ಮೇಲೆ ಏನೂ ಇಲ್ಲ. ನಿಮ್ಮಪ್ಪ ಮಾತ್ರ ಇನ್ನೂ ಬೆಳಗ್ಗೆ ಗಡ್ಡ ಕೆರೆದು, ಬಿಳಿ ಅಂಗಿಯನ್ನು ಕತ್ತಿನ ಗುಂಡಿಯವರೆಗೆ ಹಾಕಿಕೊಂಡು, ದುರ್ಬೀನು ತೂಗುಹಾಕಿಕೊಂಡು ಜೆಟ್ಟಿಯ ತುದಿಗೆ ಹೋಗಿ ನಿಲ್ಲುತ್ತಾರೆ. ನಿವೃತ್ತಿಯಾಗಿ ಎಷ್ಟು ವರ್ಷವಾಯಿತು. ಎದುರು ಸಿಕ್ಕವರೆಲ್ಲ ‘ಯಾವುದಾದ್ರೂ ಹಡಗು ಕಾಣ್ತಾ ಸಾಹೇಬ್ರೇ’ ಎಂದು ಕೇಳುತ್ತಾರೆ. ಇವರೂ ಗಂಭೀರವಾಗಿ ತಲೆಯಾಡಿಸುತ್ತಾರೆ.

ಹೋಗಿಬರುತ್ತೇನೆ ಎಂದು ಅವರ ಹತ್ತಿರ ಮಾತು ತೆಗೆದೆ. ಸಿಟ್ಟೇನೂ ಮಾಡಲಿಲ್ಲ. ಪಕ್ಕದಲ್ಲಿ ಕೂತು, ಕೈ ಹಿಡಿದು, ‘ನಿನಗ್ಯಾಕೆ ಕಣೇ ಆ ಕಷ್ಟ. ನಿನ್ನ ಭಯ ನನಗೆ ಗೊತ್ತಿಲ್ವಾ. ಹೊಸ ಹಡಗು ಬಂದೇ ಬರುತ್ತೆ, ಇಬ್ರೂ ಹೋಗೋಣ’ ಎಂದರು. ಪ್ರೀತಿಯಿಂದ ಮುಚ್ಚಿದ ಬಾಗಿಲನ್ನು ತಳ್ಳುವುದು ಹೇಗೆ ಹೇಳು. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹೊರಡುತ್ತಿದ್ದೆನೇನೋ.

ಪಾಠ ಕಳಿಸು. ನಿನ್ನ ಕಾಗದಗಳನ್ನು ಊಟದ ಮೇಜಿನ ಮೇಲೆ ಬಿಟ್ಟಿರುತ್ತೇನೆ. ನಿಮ್ಮಪ್ಪನೂ ಓದುತ್ತಾರೆ, ಕೇಳಿದರೆ ಓದಿಲ್ಲ ಎನ್ನುತ್ತಾರೆ. ಕೆಲವು ಅನುಮಾನಗಳಿವೆ, ಅಳಿಯಂದಿರನ್ನು ಕೇಳಿ ಬರೆ. ಹಾರುವಾಗ ರೆಕ್ಕೆ ಅಲುಗಾಡುತ್ತದಂತೆ, ನಿಜವೇ? ಬಾಗಿಲನ್ನು ಒಮ್ಮೆ ಹಾಕಿದ ಮೇಲೆ ಒಳಗೆ ಕೂತವರು ತೆಗೆಯಬಹುದೇ? ಓಡಿಸುವವನಿಗೆ ಎಷ್ಟು ವರ್ಷದ ಅನುಭವ? ಅವನ ಪಕ್ಕದಲ್ಲಿ ಕೂತು ಮುಂದೆ ನೋಡಲು ಬಿಡುತ್ತಾರೆಯೇ, ಇಲ್ಲ ಸುಮ್ಮನೆ ಹಿಂದೆಯೇ ಕೂರಬೇಕೇ?

ಸದಾ ನಿನ್ನದೇ ಯೋಚನೆಯಲ್ಲಿ,
ಅಮ್ಮ


ಮಾರ್ಚ್ ೨೭

ಅಮ್ಮಾ,

ನಿನ್ನ ಪ್ರಶ್ನೆ ಓದಿ ನಿನ್ನ ಅಳಿಯ ‘ಅತ್ತೆಯವರು ವಿಮಾನ ಹತ್ತೋಕೆ ಕೇಳ್ತಿದಾರಾ, ಓಡಿಸೋಕಾ?’ ಎಂದು ನಕ್ಕರು. ಓಡಿಸುವವರ ಪಕ್ಕದಲ್ಲಿ ಕೂರಿಸುವುದಿಲ್ಲ. ಬಾಗಿಲು ಹಾಕಿದ ಮೇಲೆ ಹಾಕಿದಂತೆಯೇ. ರೆಕ್ಕೆ ಅಲುಗಾಡುತ್ತದೆ, ಅಲುಗಾಡಲೇಬೇಕು. ನನ್ನ ಕಸುಬಿನ ಮಾತು ಕೇಳು: ಒಂಚೂರೂ ಬಗ್ಗದ ಹಲ್ಲಿನ ಸೆಟ್ಟೇ ಮೊದಲು ಮುರಿಯುವುದು.

ಇನ್ನು ಅವರ ಪಾಠ. ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಅವರು ಯಾವತ್ತೂ ‘ಹೆದರಬೇಡಿ’ ಎನ್ನುವುದಿಲ್ಲವಂತೆ. ಹಾಗೆಂದ ಕೂಡಲೇ ಹೆದರಿಕೆ ಇಮ್ಮಡಿಯಾಗುತ್ತದಂತೆ. ಗೋಡೆಯ ಮೇಲೆ ಕೈಯಿಟ್ಟು ಅದು ತಣ್ಣಗಿದೆಯೋ ಬೆಚ್ಚಗಿದೆಯೋ ಹೇಳಿ ಎನ್ನುತ್ತಾರೆ. ಕೈಗೊಂದು ಕೆಲಸ ಸಿಕ್ಕರೆ ಜೀವ ಅಲ್ಲಿಗೆ ಹೋಗುತ್ತದೆ. ಆಮೇಲೆ, ಯಾವ ಸದ್ದು ಬರುತ್ತದೋ ಅದನ್ನು ಬರುವ ಮುಂಚೆಯೇ ಹೇಳಿಬಿಡುತ್ತಾರೆ. ನಾನು ಆ ವಿಮಾನದಲ್ಲಿ ಓಡಾಡಿದವಳು, ಅದರ ಸದ್ದು ನನಗೆ ಗೊತ್ತು. ಮೊದಲು ಬಾಗಿಲು ಧಡ್ ಎನ್ನುತ್ತದೆ. ರೆಕ್ಕೆಯ ಮೇಲಿನ ಫ್ಯಾನುಗಳು ಗೊರಗೊರ ಎಂದು ಶುರುವಾಗಿ ಆಮೇಲೆ ಒಂದೇ ಸಮ ಕೂಗುತ್ತವೆ. ಓಡುವಾಗ ಮೈಯೆಲ್ಲ ಗಡಗಡ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಸದ್ದು ಇದ್ದಕ್ಕಿದ್ದಂತೆ ಕಡಿಮೆಯಾಗುತ್ತದೆ. ಆಗ ಎಲ್ಲರೂ ಎಂಜಿನ್ ನಿಂತೇ ಹೋಯಿತು ಎಂದುಕೊಳ್ಳುತ್ತಾರೆ. ನಿಂತಿರುವುದಿಲ್ಲ, ಏರುವ ಕಷ್ಟ ಮುಗಿದಿರುತ್ತದೆ. ನಡುವೆ ಅಲುಗಾಡಿದರೆ ಮೈ ಬಿಗಿ ಹಿಡಿಯಬೇಡ, ಸೊಂಟವನ್ನು ಸಡಿಲ ಬಿಟ್ಟು ಅದರ ಜೊತೆಗೇ ಆಡು.

ಮನೆಯಲ್ಲಿ ಅಭ್ಯಾಸ ಮಾಡು. ಸ್ಟೋರ್ ರೂಮಿನಲ್ಲಿ ಗೋಡೆಗೆ ಒತ್ತಿ ಕುರ್ಚಿ ಹಾಕು, ಸೊಂಟಕ್ಕೆ ಬೆಲ್ಟ್ ಬಿಗಿ, ಬಾಗಿಲು ಹಾಕಿಸಿಕೊಂಡು ಕೂತಿರು. ಏನೇನಾಯಿತೆಂದು ಬರೆ.

ಮಗು ಇವತ್ತು ಎರಡು ಸಲ ಒದೆಯಿತು. ಹೊಟ್ಟೆಯ ಮೇಲಿದ್ದ ಹಲ್ಲಿನ ಸೆಟ್ಟು ಜಾರಿ ಬಿತ್ತು. ಹೋದ ಸಲ ಇಷ್ಟು ದೂರ ಬಂದಿರಲಿಲ್ಲ. ಸಂತೋಷಪಡಲೂ ಭಯವಾಗುತ್ತದೆ ಅಮ್ಮಾ.

ನಿನ್ನ
ಗುಬ್ಬಿ ಮೇಡಂ


ಏಪ್ರಿಲ್ ೮

ಗುಬ್ಬೀ,

ಒದೆಯುವುದು ಒಳ್ಳೆಯದು. ನೀನೂ ಹಾಗೇ ಒದೆಯುತ್ತಿದ್ದೆ.

ಸ್ಟೋರ್ ರೂಮಿನ ಸಾಮಾನೆಲ್ಲ ಹೊರಗಿಟ್ಟು ಕುರ್ಚಿ ಹಾಕಿದ್ದಾಯಿತು. ಮೀನಿನಾಕೆ ಬಂದವಳು, ಏನಮ್ಮಾ ಮನೆ ಖಾಲಿ ಮಾಡ್ತಿದೀರಾ ಎಂದು ಗಾಬರಿಯಾದಳು. ಈಗ ದಿನಾ ಸಂಜೆ ಅಭ್ಯಾಸ ನಡೆಯುತ್ತದೆ. ಏನೇನಾಗುತ್ತದೆ ಎಂದು ಬರೆಯಲು ಹೇಳಿದ್ದೀಯಲ್ಲ, ಬರೆಯುತ್ತೇನೆ. ಬಾಗಿಲು ಹಾಕುವವರೆಗೆ ಏನೂ ಇಲ್ಲ. ಹಾಕಿದ ಕೂಡಲೇ ಎದೆ ಡವಡವ. ಅಂಗೈ ಒದ್ದೆ. ಕಾಲರ್ ಕತ್ತು ಹಿಚುಕಿದ ಹಾಗಾಗುತ್ತದೆ, ಮೇಲಿನ ಗುಂಡಿ ತೆಗೆಯುವವರೆಗೆ ಉಸಿರಾಡಲು ಆಗುವುದಿಲ್ಲ. ಬೀಳುವ ಭಯವಲ್ಲ ಅದು. ಕೈಯಲ್ಲಿ ಏನೂ ಇಲ್ಲದೆ ಸುಮ್ಮನೆ ಕೂರುವುದೇ ಕಷ್ಟ. ಬಿರುಗಾಳಿಯಲ್ಲಿ ಹಡಗಿನ ಪಕ್ಕದ ಹಗ್ಗದ ಏಣಿ ಹತ್ತುವಾಗಲೂ ಹೀಗಾಗುವುದಿಲ್ಲ, ಅಲ್ಲಿ ಹಿಡಿಯಲು ಹಗ್ಗವಾದರೂ ಇರುತ್ತದೆ.

ಗೋಡೆ ತಣ್ಣಗಿತ್ತು ಎಂದು ಅಳಿಯಂದಿರಿಗೆ ಹೇಳು. ಮುಂದಿನ ಪಾಠ ಬರಲಿ.

ನಿನ್ನ ದಡ್ಡ ವಿದ್ಯಾರ್ಥಿನಿ,
ಅಮ್ಮ


ಏಪ್ರಿಲ್ ೧೬

ಅಮ್ಮಾ,

ಇದನ್ನು ಅಂಚೆಯಾಕೆಯ ಹೆಸರಿಗೆ ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡಲು ಬರೆದಿದ್ದೇನೆ. ಮೇಜಿನ ಮೇಲೆ ಇಡಬೇಡ.

ಕಾಲರ್ ಇರುವ ಬಟ್ಟೆ ನಿನ್ನ ಹತ್ತಿರ ಯಾವುದಿದೆ? ಹಗ್ಗದ ಏಣಿಯನ್ನು ನೀನು ಯಾವತ್ತು ಹತ್ತಿದೆ?

ಆಸ್ಪತ್ರೆಯ ಹಾಸಿಗೆಯಲ್ಲಿ ನಿನ್ನ ಕಾಗದವನ್ನು ಎರಡನೇ ಸಲ ಓದುವಾಗ ಇದು ಹೊಳೆಯಿತು. ಹೌದು, ಆಸ್ಪತ್ರೆಯಲ್ಲಿದ್ದೆ. ಮಂಗಳವಾರ ರಕ್ತ ಕಾಣಿಸಿಕೊಂಡಿತು. ನಿನ್ನ ಅಳಿಯ ಊರಿನ ಇನ್ನೊಂದು ತುದಿಯಲ್ಲಿ ಯಾವುದೋ ಲಿಫ್ಟಿನ ಬಾವಿಯೊಳಗಿದ್ದರು. ಇಲ್ಲಿ ನಮ್ಮ ಕಟ್ಟಡದ ಲಿಫ್ಟೇ ಕೆಟ್ಟು ನಿಂತಿತ್ತು. ಸ್ಟ್ರೆಚರಿಗೆ ಕಟ್ಟಿ ಮೆಟ್ಟಿಲಿನ ಮೇಲಿಂದ ಇಳಿಸಿದರು, ಪ್ರತಿ ತಿರುವಿನಲ್ಲೂ ನಿನ್ನನ್ನು ಕೂಗಿದೆನಂತೆ. ನನಗೆ ನೆನಪಿಲ್ಲ, ಪಕ್ಕದ ಮನೆಯಾಕೆ ಹೇಳಿದಳು. ಪಾಪ, ಅವತ್ತು ಒಂದೂ ಕಥೆ ಹೇಳದೆ ಕಾಲು ತಿಕ್ಕುತ್ತಾ ಕೂತಿದ್ದಳು.

ರಕ್ತ ನಿಂತಿದೆ, ಮಗು ಚೆನ್ನಾಗಿದೆ. ಆದರೆ ಜೂನ್‌ವರೆಗೆ ಕಾಯುವುದು ಅನುಮಾನ, ಮೇ ನಡುವಿನ ನಂತರ ಯಾವಾಗ ಬೇಕಾದರೂ ಆಗಬಹುದು ಎಂದಿದ್ದಾರೆ. ನೀನು ಬಂದರೆ ಸಾಕು, ಏನೂ ಮಾಡುವುದು ಬೇಡ, ತಲೆಯ ಹತ್ತಿರ ಕೂತಿರು.

ಅಷ್ಟಕ್ಕಿಂತ ಮೊದಲು ನಿಜ ಹೇಳು. ಯಾರಿಗೆ ನಾನು ಪಾಠ ಬರೆಯುತ್ತಿರುವುದು?

ಗುಬ್ಬಿ


ಏಪ್ರಿಲ್ ೨೩

ಮಗಳೇ,

ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಂಚೆಯಾಕೆ ತನ್ನ ಪೆನ್ನು ಕೊಟ್ಟು ಆ ಕಡೆ ತಿರುಗಿ ಕೂತಿದ್ದಾಳೆ. ನಿನ್ನ ಕಾಗದವನ್ನು ಮೊನ್ನೆ ಇಲ್ಲೇ ಓದಿದೆ, ನಿನ್ನನ್ನು ಮೆಟ್ಟಿಲಿನಿಂದ ಇಳಿಸಿದ್ದನ್ನು ಇವತ್ತು ಮತ್ತೆ ಓದಿದೆ.

ನೀನು ಕೇಳಿದ್ದು ಸರಿ. ಕುರ್ಚಿಯಲ್ಲಿ ಕೂತದ್ದು ನಾನಲ್ಲ. ‘ಹೀಗೆ ಕೂರಬೇಕು, ನಾನು ತೋರಿಸ್ತೀನಿ ನೋಡು’ ಎಂದು ಮೊದಲ ದಿನವೇ ನಿಮ್ಮಪ್ಪ ಕೂತರು. ದಿನಾ ತೋರಿಸುತ್ತಲೇ ಇದ್ದಾರೆ. ನಾನು ಹೊರಗಿನಿಂದ ಬಾಗಿಲು ಹಾಕುತ್ತೇನೆ, ಅವರು ಒಳಗಿನಿಂದ ತಟ್ಟುತ್ತಾರೆ, ತೆಗೆಯುತ್ತೇನೆ. ಆ ಪ್ರಶ್ನೆಗಳೂ ಅವರವೇ. ನೇರವಾಗಿ ಕೇಳುವುದಿಲ್ಲ. ‘ನಿನಗೆ ಭಯ ಅಂತ ಯೋಚನೆ ಮಾಡ್ದೆ’ ಎಂದು ಚಹಾ ಕುಡಿಯುತ್ತಾ ಒಂದೊಂದೇ ಬಿಡುತ್ತಾರೆ. ನಿನ್ನ ಕಾಗದ ಓದಿ ಮನೆಗೆ ಹೋಗಿ ಸುಮ್ಮನೆ ಅವರ ಕಾಲರಿನ ಕಡೆ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ ಕೈ ತಾನಾಗಿ ಗುಂಡಿಗೆ ಹೋಯಿತು.

ನಿನಗಾಗ ಮೂರು ವರ್ಷ. ನನ್ನ ತಮ್ಮನ ಮದುವೆಗೆ ಹೊರಟಿದ್ದೆವು. ದ್ವೀಪಕ್ಕೆ ವಿಮಾನ ಬರಲು ಶುರುವಾಗಿದ್ದೇ ಆ ವರ್ಷ, ನೋಡಲು ಅರ್ಧ ಊರು ಬೇಲಿಯಾಚೆ ನಿಂತಿತ್ತು. ನಿಮ್ಮಪ್ಪ ಯೂನಿಫಾರ್ಮಿನಲ್ಲಿದ್ದರು. ವಿಮಾನದ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟವರು ಅಲ್ಲೇ ನಿಂತರು. ಜಂಘಾಬಲ ಉಡುಗುವುದು ಎಂದರೇನೆಂದು ಅವತ್ತು ಕಣ್ಣಾರೆ ಕಂಡೆ. ಕೈ ಕಂಬಿಯನ್ನು ಹಿಡಿದಿದೆ, ಬಿಡುತ್ತಿಲ್ಲ, ಏರುತ್ತಲೂ ಇಲ್ಲ. ಹಿಂದಿನಿಂದ ಯಾರೋ, ‘ಪೈಲಟ್ ಸಾಹೇಬ್ರೇ, ಇದನ್ನೂ ನೀವೇ ಓಡಿಸಿಬಿಡಿ’ ಎಂದರು. ಜನ ನಕ್ಕರು. ಇನ್ನೊಂದು ಗಳಿಗೆ ಕಳೆದಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಪೈಲಟ್‌ಗೆ ಪುಕ್ಕಲು ಎಂದು ಬಂದರಿನಲ್ಲಿ ಒಬ್ಬ ಆಡಿಕೊಂಡರೆ ಸಾಕು, ಯಾವ ಕಪ್ತಾನನೂ ಹಡಗನ್ನು ಅವರ ಕೈಗೆ ಕೊಡುತ್ತಿರಲಿಲ್ಲ. ನಾನು ನಿನ್ನನ್ನು ಎತ್ತಿಕೊಂಡೇ ನೆಲದ ಮೇಲೆ ಕುಸಿದು ಕೂತೆ. ನನಗೆ ಭಯವಾಗುತ್ತೆ, ನಾನು ಹತ್ತಲ್ಲ ಎಂದೆ.

ಅವರು ನನ್ನ ಮುಖ ನೋಡಿದರು. ನೀರಿನಿಂದ ಮೇಲೆತ್ತಿದ ಮನುಷ್ಯ ನೋಡುವ ಹಾಗೆ. ಮರುಕ್ಷಣ ಜನರ ಕಡೆ ತಿರುಗಿ, ‘ನೋಡಿ, ಇವಳದ್ದು ಇದೇ ಗೋಳು’ ಎಂದು ನಕ್ಕುಬಿಟ್ಟರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮಣ್ಣಾದದ್ದು ನನ್ನ ಬಟ್ಟೆ.

ಮನೆಗೆ ಬಂದ ಮೇಲೆ ಒಂದು ಮಾತಾಡುತ್ತಾರೆಂದು ಕಾದೆ. ಆಡಲಿಲ್ಲ. ವರ್ಷ ಕಳೆದಂತೆ ಗೊತ್ತಾಯಿತು, ನಾಟಕ ಆಡುತ್ತಿರುವುದು ನಾನೊಬ್ಬಳೇ, ಅವರು ಅದನ್ನು ನಂಬಿಬಿಟ್ಟಿದ್ದಾರೆ. ನಿನ್ನ ಅಜ್ಜಿಗೆ ಕೊನೆಗಾಲ ಬಂದಾಗ ಹಡಗು ಬರಲು ಇನ್ನೂ ದಿನಗಳಿದ್ದವು. ವಿಮಾನದಲ್ಲಿ ಕಳಿಸಿ ಎಂದು ನೆರೆಯವರು ಹೇಳಿದರೆ, ‘ಇವಳಿಗೆ ಭಯ, ಏನ್ ಮಾಡ್ಲಿ ಹೇಳಿ’ ಎಂದು ನಿಮ್ಮಪ್ಪ ಕಣ್ಣೊರೆಸಿಕೊಂಡರು. ಅದು ನಿಜವಾದ ಕಣ್ಣೀರು ಗುಬ್ಬೀ. ಅದನ್ನು ನೋಡಿ ನಾನು ಸುಮ್ಮನಾದೆ. ನಾನು ತಲುಪುವಷ್ಟರಲ್ಲಿ ಅಮ್ಮನ ಕೋಣೆಯನ್ನು ತೊಳೆದು ಒರೆಸಿ ಆಗಿತ್ತು. ನನ್ನ ತಮ್ಮ ಇವತ್ತಿಗೂ ನನ್ನ ಮುಖ ನೋಡಿ ಮಾತಾಡುವುದಿಲ್ಲ.

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಬದುಕಿದ್ದೇನೆ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಭಯಸ್ಥಳಾದ ನಾನೇ ಹತ್ತಿ ಹೊರಟರೆ, ಸಾಹೇಬರು ಯಾಕೆ ಉಳಿದರು ಎಂದು ಊರು ಕೇಳುತ್ತದೆ. ನನ್ನ ಭಯದ ಮರೆಯಲ್ಲೇ ಅವರು ಇಷ್ಟು ವರ್ಷ ತಲೆಯೆತ್ತಿ ನಡೆದಿರುವುದು. ಅತ್ತ ನೀನು, ಇತ್ತ ಇವರು. ಇನ್ನೂ ಒಂದು ಹೇಳಿಬಿಡುತ್ತೇನೆ. ನನಗೆ ನಿಜವಾಗಿ ಭಯವಿದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಒಂದು ಸಲವೂ ಹತ್ತಿ ನೋಡಿಲ್ಲವಲ್ಲ.

ಅಮ್ಮ


ಮೇ ೧

ಅಮ್ಮಾ,

ನನಗೆ ಸಿಟ್ಟು ಬಂದಿದೆ, ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ. ಎದ್ದು ಓಡಾಡುವ ಹಾಗಿದ್ದರೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಾದರೂ ತೀರಿಸಿಕೊಳ್ಳುತ್ತಿದ್ದೆ. ಟ್ಯಾಂಕಿನ ಪಾರಿವಾಳಗಳನ್ನು ಬೈದದ್ದಾಯಿತು.

ಚಿಕ್ಕಂದಿನಲ್ಲಿ ನಿನ್ನನ್ನು ಕಂಡರೆ ನನಗೆ ನಾಚಿಕೆಯಾಗುತ್ತಿತ್ತು, ಗೊತ್ತಾ? ಮದುವೆಗೆ ಮುಂಚೆ ಇವರಿಗೆ ಹೇಳಿದ್ದೆ, ನಮ್ಮಪ್ಪ ಸಿಂಹ, ನಮ್ಮಮ್ಮ ಪುಕ್ಕಲಿ ಎಂದು. ಹೋದ ಸಲ ಆ ಕೂಸು ಹೋದಾಗ, ಎಲ್ಲ ಮುಗಿದ ಮೇಲೆ ನೀನು ಹಡಗಿಳಿದು ಬಂದೆ. ನಾನು ನಿನಗೇನೆಂದೆ? ‘ಭಯ ನಿನಗೆ, ಶಿಕ್ಷೆ ನನಗೆ’ ಎಂದೆ. ಅದನ್ನೂ ಕೇಳಿಸಿಕೊಂಡು ನೀನು ನನ್ನ ಬಟ್ಟೆ ಮಡಿಸುತ್ತಾ ಕೂತಿದ್ದೆ. ಆಗಲಾದರೂ ಬಾಯಿ ಬಿಡಬಾರದಿತ್ತೇ ಅಮ್ಮಾ? ನನ್ನ ಕಣ್ಣಲ್ಲಿ ಅಪ್ಪ ದೊಡ್ಡವರಾಗಿ ಉಳಿಯಲೆಂದು ನಿನ್ನನ್ನು ನೀನು ಎಷ್ಟು ಸಣ್ಣವಳನ್ನಾಗಿ ಮಾಡಿಕೊಂಡೆ.

ಅಪ್ಪ ಹೆದರಿದರೆ ಹೆದರಲಿ. ಲಿಫ್ಟಿನಲ್ಲಿ ಸಿಕ್ಕಿಕೊಂಡಾಗ ಪೈಲ್ವಾನರೂ ಅಮ್ಮಾ ಎಂದು ಅಳುತ್ತಾರಂತೆ, ಹೊರಗೆ ಬಂದ ಮೇಲೆ ಯಾರೂ ಅವರನ್ನು ಆಡಿಕೊಳ್ಳುವುದಿಲ್ಲ. ಹೆದರುವುದು ತಪ್ಪಲ್ಲ. ತನ್ನ ಹೆದರಿಕೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿ, ಅವರ ತಾಯಿ ಸಾಯುವಾಗಲೂ ಕಟ್ಟಿ, ಆಮೇಲೆ ಅವರ ಮೇಲೇ ಮರುಗುವುದು ತಪ್ಪು. ಅಪ್ಪನ ಮೇಲೆ ನನಗೆ ಪ್ರೀತಿ ಕಡಿಮೆಯಾಗಿಲ್ಲ. ಕಡಿಮೆಯಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಇನ್ನು ನಿನಗೆ ಪಾಠ ಬರೆಯುವುದಿಲ್ಲ, ಬಾ ಎಂದು ಕರೆಯುವುದೂ ಇಲ್ಲ. ಈ ಕಾಗದವನ್ನು ಹರಿದು ಒಲೆಗೆ ಹಾಕು, ಇಲ್ಲ ಮೇಜಿನ ಮೇಲೆ ಇಡು. ನಿನಗೆ ಬಿಟ್ಟದ್ದು. ಹೊಟ್ಟೆ ಕೆಳಗಿಳಿದಿದೆ ಎನ್ನುತ್ತಾರೆ.

ಗುಬ್ಬಿ


ಮೇ ೧೦

ಗುಬ್ಬೀ,

ಮೇಜಿನ ಮೇಲೆ ಇಟ್ಟೆ.

ಇಟ್ಟು ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆಯುತ್ತಾ ನಿಂತೆ. ಕನ್ನಡಕದ ಡಬ್ಬಿ ತೆಗೆದ ಸದ್ದು ಕೇಳಿಸಿತು. ಅದನ್ನು ಮುಚ್ಚಿದ ಸದ್ದು ಎಷ್ಟು ಹೊತ್ತಾದರೂ ಕೇಳಿಸಲೇ ಇಲ್ಲ. ತಿರುಗಿ ಬಂದಾಗ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಇಟ್ಟಿದ್ದರು, ಅವರು ಇರಲಿಲ್ಲ.

ಅವತ್ತಿನಿಂದ ಹೀಗೇ. ಊಟಕ್ಕೆ ಬರುತ್ತಾರೆ, ತಟ್ಟೆಯಲ್ಲಿ ಅರ್ಧ ಬಿಡುತ್ತಾರೆ. ಜೆಟ್ಟಿಗೂ ಹೋಗುವುದಿಲ್ಲ. ಕಿರುಗುಟ್ಟುತ್ತಿದ್ದ ಬಾಗಿಲುಗಳಿಗೆಲ್ಲ ಎಣ್ಣೆ ಬಿಟ್ಟರು, ಈಗ ಅವರು ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಸಿಕ್ಕಿಕೊಂಡು ಕೂತಿದ್ದೆವು, ಹೊರಗಿನಿಂದ ಮಾತಾಡಿಸಲು ನಮ್ಮ ಅಳಿಯಂದಿರಂಥವರೂ ಇರಲಿಲ್ಲ. ಇಟ್ಟು ತಪ್ಪು ಮಾಡಿದೆನೇನೋ ಎಂದು ಸಾವಿರ ಸಲ ಅನ್ನಿಸಿತು. ಈ ವಯಸ್ಸಿನಲ್ಲಿ ಅವರನ್ನು ಮುರಿದು ನನಗೇನು ಸಿಗಬೇಕು?

ನಿನ್ನೆ ಸಂಜೆ ನಾನು ಬಟ್ಟೆ ಒಣಗಿಸುತ್ತಿರುವಾಗ ಬಂದು ಹಗ್ಗದ ಆ ತುದಿಯಲ್ಲಿ ನಿಂತರು.

‘ಅವತ್ತು ನಿನಗೆ ನಿಜವಾಗ್ಲೂ ಭಯ ಆಗಿರಲಿಲ್ವಾ?’

‘ಇಲ್ಲ ರೀ’ ಎಂದೆ.

ನಾನು ಎಷ್ಟು ಹಗುರವಾಗಿ ಹೇಳಿದರೂ ಅವರು ಕಲ್ಲೇಟು ಬಿದ್ದವರಂತೆ ಹಗ್ಗ ಹಿಡಿದುಕೊಂಡರು. ‘ನಾನು ನಿನ್ನ ಭಯ ಅಂತಲೇ ತಿಳ್ಕೊಂಡಿದ್ದೆ ಕಣೇ’ ಎಂದರು. ಸುಳ್ಳಲ್ಲ. ನನಗೆ ಗೊತ್ತು.

ಇವತ್ತು ಬೆಳಗ್ಗೆ ಗಡ್ಡ ಕೆರೆದುಕೊಂಡು ಹೊರಟವರು ವಿಮಾನದ ಆಫೀಸಿಗೆ ಹೋಗಿ ಬಂದು, ಮೇಜಿನ ಮೇಲೆ ಟಿಕೆಟ್ ಇಟ್ಟರು. ಒಂದೇ. ಶನಿವಾರಕ್ಕೆ.

ಬರುತ್ತಿದ್ದೇನೆ ಮಗಳೇ. ಅಲ್ಲಿಯವರೆಗೆ ಆ ಕೂಸಿಗೆ ಸ್ವಲ್ಪ ತಡೆದುಕೊಳ್ಳಲು ಹೇಳು. ನಗಬೇಡ, ಟಿಕೆಟ್ ನೋಡಿದಾಗಿನಿಂದ ನಿನ್ನ ಪಾಠಗಳನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ, ಈಗ ನನಗಾಗಿ.

ಅಮ್ಮ


ಮೇ ೧೭

ಗುಬ್ಬಿಗೆ,

ನನಗೆ ಕಾಗದ ಬರೆದು ರೂಢಿಯಿಲ್ಲ. ನಿಮ್ಮಮ್ಮ ತಲುಪಿದಳೆಂದು ನೀನು ಫೋನ್ ಮಾಡಿದಾಗ ಏನೋ ಹೇಳಬೇಕೆಂದಿದ್ದೆ, ಹೇಳದೆ ರಿಸೀವರ್ ಇಟ್ಟುಬಿಟ್ಟೆ. ಅದಕ್ಕೆ ಬರೆಯುತ್ತಿದ್ದೇನೆ. ಅವಳು ಬಂದ ಗಾಬರಿಯಲ್ಲಿ ನಿನಗೆ ಎಲ್ಲ ಹೇಳಿರುವುದಿಲ್ಲ.

ಶನಿವಾರ ಗಾಳಿ ಸಾಧಾರಣವಾಗಿತ್ತು, ಮೋಡ ಎತ್ತರದಲ್ಲಿತ್ತು. ನಿಮ್ಮಮ್ಮ ಚೀಲ ಹಿಡಿದು ಮುಂದೆ ನಡೆದಳು. ಮೆಟ್ಟಿಲು ಒಂದೆರಡು ಹತ್ತಿದಳು, ಹಾಗೇ ನಿಂತಳು. ಅವಳ ಕೈ ಕಂಬಿಯನ್ನು ಬಿಡದೆ ಹಿಡಿದದ್ದು ಕೆಳಗೆ ನಿಂತಿದ್ದ ನನಗೆ ಕಾಣುತ್ತಿತ್ತು. ಈ ಸಲ ನಾಟಕವಲ್ಲ. ಇಷ್ಟು ವರ್ಷ ನನ್ನ ಸಲುವಾಗಿ ಹೆದರಿದವಳು ಅವತ್ತು ತನ್ನ ಸಲುವಾಗಿ ಹೆದರಿದಳು. ‘ಪಾಪ, ಅಮ್ಮನವರಿಗೆ ಮೊದಲಿಂದಲೂ ಭಯ’ ಎಂದು ಹಿಂದೆ ಯಾರೋ ಅಂದರು.

ನಾನು ಹತ್ತಿದೆ. ಹೇಗೆ ಹತ್ತಿದೆನೋ ಗೊತ್ತಿಲ್ಲ. ಬಾಗಿಲು ತಗ್ಗು, ಬಗ್ಗಿ ಹೋಗಬೇಕು. ಒಳಗೆ ಗಾಳಿ ಇರಲಿಲ್ಲ. ಅವಳನ್ನು ಕೂರಿಸಿ, ಪಕ್ಕದ ಖಾಲಿ ಸೀಟಿನಲ್ಲಿ ನಾನೂ ಕೂತೆ. ಬೆಲ್ಟ್ ಹಾಕಿದೆ. ಗೋಡೆ ಮುಟ್ಟಿ ನೋಡು, ತಣ್ಣಗಿದೆಯಾ ಬೆಚ್ಚಗಿದೆಯಾ ಎಂದು ಕೇಳಿದೆ. ‘ಬೆಚ್ಚಗಿದೆ ರೀ’ ಎಂದಳು. ನೀನು ಬರೆದ ಸದ್ದುಗಳನ್ನು ಒಂದಾದ ಮೇಲೆ ಒಂದು ಹೇಳಿದೆ, ಅವು ನನಗೆ ಬಾಯಿಪಾಠವಾಗಿದ್ದವು. ಸದ್ದು ಕಡಿಮೆಯಾದಾಗ ಎಂಜಿನ್ ನಿಂತಿತು ಅಂದ್ಕೋಬೇಡ ಎಂದು ಎರಡು ಸಲ ಹೇಳಿದೆ. ಅವಳ ಉಸಿರು ಹದಕ್ಕೆ ಬಂತು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಅವಳ ತಾಯಿಯ ವಿಷಯ ಆಗಲೇ ಹೇಳಿಬಿಡಬೇಕೆಂದಿದ್ದೆ. ಬೆಲ್ಟ್ ಇನ್ನೊಂದು ಸಲ ಎಳೆದು ನೋಡಿದೆ, ಅಷ್ಟೇ ಆಯಿತು.

ಬಾಗಿಲು ಹಾಕಲು ಬಂದವನು, ‘ಆ ಸೀಟು ಖಾಲಿನೇ ಇದೆ ಸಾಹೇಬ್ರೇ, ನೀವೂ ಬಂದುಬಿಡಿ, ಟಿಕೆಟ್ ಈಗಲೇ ಮಾಡಿಸ್ತೀನಿ’ ಎಂದ. ಎಲ್ಲರೂ ತಿರುಗಿ ನೋಡಿದರು. ನಿಮ್ಮಮ್ಮ ಬಾಯಿ ತೆರೆದಳು. ಮನೆ ನೋಡ್ಕೊಳ್ಳೋರಿಲ್ಲ ಎಂದೋ ಇನ್ನೇನೋ ಒಂದು ಹೇಳಿ ನನ್ನ ಮುಂದೆ ಅಡ್ಡ ನಿಲ್ಲುತ್ತಾಳೆಂದು ನನಗೆ ಗೊತ್ತಾಯಿತು. ಅವಳಿಗಿಂತ ಮೊದಲು ನಾನೇ ಹೇಳಿದೆ.

‘ನನಗೆ ಭಯ. ಮೊದಲಿಂದಲೂ ನನಗೇ ಭಯ, ಇವಳಿಗಲ್ಲ.’

ನಗುತ್ತಾರೆಂದುಕೊಂಡಿದ್ದೆ. ಯಾರೂ ನಗಲಿಲ್ಲ. ಮುಂದಿನ ಸೀಟಿನ ಒಬ್ಬ ದಪ್ಪ ಮನುಷ್ಯ ಗೋಡೆಯ ಮೇಲೆ ಕೈಯಿಟ್ಟು ನೋಡಿದ. ನಿಮ್ಮಮ್ಮ ನನ್ನ ತೋಳು ಹಿಡಿದಿದ್ದಳು, ಬಿಟ್ಟಳು. ಇಳಿದುಬಂದೆ. ವಿಮಾನ ಹೋಯಿತು. ನನ್ನ ಮಾತು ಆಗಲೇ ಹೊರಗೆ ಮುಟ್ಟಿತ್ತು, ಬೇಲಿಯ ಹತ್ತಿರ ನಿಂತವರು ನನಗೆ ದಾರಿ ಬಿಟ್ಟರು. ಅದು ಮರ್ಯಾದೆಯೋ ಕನಿಕರವೋ ಯೋಚಿಸಿ ಫಲವಿಲ್ಲ.

ಅವಳನ್ನು ಬೇಗ ಕಳಿಸಬೇಕೆಂದೇನೂ ಇಲ್ಲ. ಮಗು ಬರಲಿ, ನೀನು ಎದ್ದು ಓಡಾಡುವ ಹಾಗಾಗಲಿ. ಅವಳಿಗೆ ಇಷ್ಟವಿರುವವರೆಗೆ ಇರಲಿ. ವಾಪಸ್ ಬರಲು ಮನಸ್ಸಿಲ್ಲ ಎಂದರೂ ನಾನು ಏನೂ ಅನ್ನುವ ಹಾಗಿಲ್ಲ. ಊಟಕ್ಕೆ ಮೊಟ್ಟೆ ಬೇಯಿಸಿಕೊಳ್ಳುತ್ತೇನೆ. ಮೀನಿನಾಕೆ ದಿನಾ ಬಂದು ಬದುಕಿದ್ದೇನೆಯೇ ಎಂದು ನೋಡಿ ಹೋಗುತ್ತಾಳೆ.

ಬಂದರಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದವನು ನಾನು. ಹಡಗು ಬರುವುದಿಲ್ಲ. ಮೊದಲಿಂದಲೂ ಗೊತ್ತಿತ್ತು, ಬರುತ್ತದೆ ಎಂದು ಅವಳಿಗೆ ಹೇಳುತ್ತಿದ್ದೆ. ನಿನ್ನ ಮಗುವನ್ನು ನೋಡಬೇಕೆಂದರೆ ನನಗೂ ಇರುವುದು ಒಂದೇ ದಾರಿ. ಸ್ಟೋರ್ ರೂಮಿನಲ್ಲಿ ಕುರ್ಚಿ ಹಾಗೇ ಇದೆ. ಹೊರಗಿನಿಂದ ಬಾಗಿಲು ಹಾಕುವವರಿಲ್ಲ, ನಾನೇ ಒಳಗಿನಿಂದ ಚಿಲಕ ಹಾಕಿಕೊಂಡು ಕೂರುತ್ತೇನೆ. ತೆಗೆಯುವುದೂ ನನ್ನ ಕೈಯಲ್ಲೇ ಇರುವುದರಿಂದ ಅದು ಅಭ್ಯಾಸವೆಂದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಳಿಯಂದಿರನ್ನು ಕೇಳು.

ಅಲುಗಾಡಿದಾಗ ಸೊಂಟ ಸಡಿಲ ಬಿಡಬೇಕು ಎಂದು ನೀನು ಬರೆದದ್ದು ಎಷ್ಟು ಸಲ ಓದಿದರೂ ನನಗೆ ಅರ್ಥವಾಗಿಲ್ಲ. ಅದನ್ನು ಇನ್ನೊಮ್ಮೆ ಬಿಡಿಸಿ ಬರೆ. ಈ ಸಲ ನನ್ನ ಹೆಸರಿಗೆ ಬರೆ.

ನಿನ್ನ
ಅಪ್ಪ